ಮೊದಲ ಕಥಾಸಂಕಲನ: ಹಸ್ತಪ್ರತಿಯಿಂದ ಅಚ್ಚಿನವರೆಗೆ

ಹತ್ತು ಹನ್ನೆರಡು ಕತೆಗಳು ಕೈಯಲ್ಲಿದ್ದರೆ ಸಂಕಲನ ತರುವ ಆಸೆ ಸಹಜ. ಆದರೆ ಅವುಗಳಲ್ಲಿ ಮೂರು ನಾಲ್ಕಾದರೂ ಮೊದಲು ಮಯೂರ, ಸುಧಾ, ತರಂಗದಂಥ ಪತ್ರಿಕೆಗಳಲ್ಲೋ ಭಾನುವಾರದ ಪುರವಣಿಗಳಲ್ಲೋ ಬಂದಿರಲಿ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳಿಗೂ ಕಳಿಸಿ. ಹೊಸಬರ ಹೆಸರು ಪ್ರಕಾಶಕರ ಕಿವಿಗೆ ಬೀಳುವುದು ಹೆಚ್ಚಾಗಿ ಈ ದಾರಿಯಿಂದಲೇ. ಮೊದಲ ಕಥಾಸಂಕಲನದ ಹಸ್ತಪ್ರತಿಗೆಂದೇ ‘ಛಂದ ಪುಸ್ತಕ’ ಪ್ರಕಾಶನ ಸ್ಪರ್ಧೆ ನಡೆಸುತ್ತ ಬಂದಿದೆ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಪ್ರಾಧಿಕಾರದ ಪ್ರಕಟಣೆ ಬಂದಾಗ ವಯೋಮಿತಿ ಮತ್ತು ಕೊನೆಯ ದಿನಾಂಕವನ್ನು ಮೊದಲು ನೋಡಿಕೊಳ್ಳಿ.

ಗಾತ್ರದ ಅಂದಾಜು ಹೀಗೆ. ಡೆಮಿ 1/8 ಅಳತೆಯ (ಸುಮಾರು 5.5 × 8.5 ಇಂಚು) ಒಂದು ಪುಟಕ್ಕೆ ಸುಮಾರು 200ರಿಂದ 225 ಪದ ಹಿಡಿಸುತ್ತವೆ. 25 ಸಾವಿರ ಪದಗಳಿದ್ದರೆ ಶೀರ್ಷಿಕೆ ಪುಟ, ಮುನ್ನುಡಿ, ಪರಿವಿಡಿ ಎಲ್ಲ ಸೇರಿ 128 ಪುಟದ ಆಸುಪಾಸು. ಆಫ್‌ಸೆಟ್‌ನಲ್ಲಿ ಲೆಕ್ಕ 16 ಪುಟಗಳ ಫಾರಂನದು (ಒಂದೇ ಹಾಳೆಯಲ್ಲಿ ಅಚ್ಚಾಗಿ ಮಡಚುವ ಪುಟಗಳ ಕಟ್ಟು). 128 ಅಂದರೆ ಸರಿಯಾಗಿ 8 ಫಾರಂ. 130 ಆಯಿತೋ, ಎರಡು ಪುಟಕ್ಕಾಗಿ ಇನ್ನೊಂದು ತುಂಡು ಫಾರಂ ಹಾಕಬೇಕು. ಖರ್ಚೂ ಏರುತ್ತದೆ, ಕೊನೆಯಲ್ಲಿ ಖಾಲಿ ಹಾಳೆಗಳೂ ಉಳಿಯುತ್ತವೆ. ಮುನ್ನುಡಿ ಬರೆದುಕೊಡುವವರಿಗೆ ಪುಟಮಿತಿಯನ್ನು ಮೊದಲೇ ಹೇಳುವುದು ಇದಕ್ಕೇ.

ಹೊಸಬರ ಪುಸ್ತಕ ಹೆಚ್ಚು ಕೆಡುವುದು ಕರಡಿನ ಹಂತದಲ್ಲಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಪುಟವಿನ್ಯಾಸ ಮಾಡುವವರು ಯಾವ ತಂತ್ರಾಂಶ ಬಳಸುತ್ತಾರೆಂದು ಕೇಳಿಕೊಳ್ಳಿ. ಅವರು ಹಳೆಯ ಪೇಜ್‌ಮೇಕರ್‌ಗಾಗಿ ಅಕ್ಷರಗಳನ್ನು ನುಡಿ ಅಥವಾ ಶ್ರೀಲಿಪಿ ಫಾಂಟಿಗೆ ಪರಿವರ್ತಿಸುವವರಾದರೆ ಮೂರು ಕಡೆ ಕಣ್ಣಿಡಬೇಕು: ಅರ್ಕಾವತ್ತು ಜಾಗ ತಪ್ಪುತ್ತದೆ, ‘ಇನ್‌ಸ್ಪೆಕ್ಟರ್’ನಂಥ ಪದಗಳಲ್ಲಿ ಬಿಡಿಯಾಗಿ ನಿಲ್ಲಬೇಕಾದ ‘ನ್’ಗೆ ಮುಂದಿನ ಅಕ್ಷರ ಒತ್ತಾಗಿ ಅಂಟಿಕೊಳ್ಳುತ್ತದೆ, ಉದ್ಧರಣ ಚಿಹ್ನೆಗಳು ಬೇರೇನೋ ಅಕ್ಷರಗಳಾಗಿಬಿಡುತ್ತವೆ.

ಕನ್ನಡದ ಕಾಗುಣಿತ ಪರೀಕ್ಷಕಗಳನ್ನು ನಂಬಿ ಕೂರುವಂತಿಲ್ಲ. ಪ್ರತ್ಯಯ ಸೇರಿದ ಸರಿಯಾದ ಪದಕ್ಕೂ ಅವು ಕೆಂಪು ಗೆರೆ ಎಳೆಯುತ್ತವೆ. ಕರಡು ಮೂರು ಸಲ ಓದಬೇಕು. ಮೊದಲನೆಯದನ್ನು ಹಸ್ತಪ್ರತಿಯ ಪಕ್ಕದಲ್ಲಿಟ್ಟು ಸಾಲುಸಾಲು ಹೋಲಿಸಿ. ಎರಡನೆಯದರಲ್ಲಿ ತಿದ್ದಿದ ಸಾಲನ್ನೂ ಅದರ ಹಿಂದುಮುಂದಿನ ಸಾಲುಗಳನ್ನೂ ನೋಡಿ, ಒಂದು ತಪ್ಪು ತಿದ್ದುವಾಗ ಪಕ್ಕದಲ್ಲೇ ಇನ್ನೊಂದು ಹುಟ್ಟುವುದು ಮಾಮೂಲು. ಮೂರನೆಯದನ್ನು ಕಾಗದದ ಮೇಲೆ, ಕತೆಗಳನ್ನು ಮೊದಲು ಓದಿರದವರಿಂದ ಓದಿಸಿ. ‘ಕತೆ’ಯೋ ‘ಕಥೆ’ಯೋ ಎಂಬಂಥ ಆಯ್ಕೆಗಳನ್ನು ಒಂದು ಹಾಳೆಯಲ್ಲಿ ಬರೆದು ಕರಡು ತಿದ್ದುವವರಿಗೆ ಕೊಡಿ. ಪಾತ್ರಗಳು ಧಾರವಾಡದ ಕಡೆಯ ಮಾತಾಡುತ್ತಿದ್ದರೆ ‘ಬಂದಾನ’, ‘ಹೋಗ್ಯಾಳ’, ‘ಮಾಡಾಕತ್ತಾನ’ ರೂಪಗಳನ್ನೂ ಅದೇ ಹಾಳೆಯಲ್ಲಿ ಸೇರಿಸಿ. ಇಲ್ಲವಾದರೆ ಯಾರೋ ಶ್ರದ್ಧೆಯಿಂದಲೇ ಅದನ್ನೆಲ್ಲ ಗ್ರಾಂಥಿಕಕ್ಕೆ ತಿದ್ದಿ, ಕತೆಯ ಜೀವವನ್ನೇ ತೆಗೆದಿಡುತ್ತಾರೆ.

ಬೇರೆಯವರ ಕವಿತೆಯ ಸಾಲುಗಳನ್ನು ಪುಸ್ತಕದ ಮೊದಲಿಗೆ ಹಾಕುವ ಮುನ್ನ ಹಕ್ಕು ಯಾರದೆಂದು ನೋಡಿ. ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೂ ಉಳಿದಿರುತ್ತದೆ. ವಚನಗಳ ಮೂಲಪಾಠಕ್ಕೆ ಈ ತೊಡಕಿಲ್ಲ.

ಪ್ರಕಾಶಕರಿಗೆ ಮೊದಲು ಒಂದು ಪುಟದ ಪತ್ರ, ಎರಡು ಒಳ್ಳೆಯ ಕತೆ, ಪ್ರಕಟವಾದ ಕತೆಗಳ ಪಟ್ಟಿ ಕಳಿಸಿದರೆ ಸಾಕು. ಅವರ ಇತ್ತೀಚಿನ ಹತ್ತು ಪುಸ್ತಕಗಳನ್ನಾದರೂ ನೋಡಿರಬೇಕು. ವಿಮರ್ಶೆ, ವೈಚಾರಿಕ ಕೃತಿಗಳನ್ನಷ್ಟೇ ತರುವವರಿಗೆ ಕತೆ ಕಳಿಸಿ ಆರು ತಿಂಗಳು ಕಾಯುವುದು ವ್ಯರ್ಥ.

ಒಪ್ಪಿಕೊಂಡರೆ, ಎಷ್ಟೇ ಆತ್ಮೀಯರಾದರೂ, ಕರಾರು ಬರವಣಿಗೆಯಲ್ಲೇ ಆಗಲಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆಗೆ ಸಹಿಯಿರುವ ಲಿಖಿತ ಪತ್ರ ಬೇಕೇ ಬೇಕು. ಅದರಲ್ಲಿ ಅವಧಿ ಹೇಳದಿದ್ದರೆ 5 ವರ್ಷವೆಂದೇ ಅರ್ಥ. ಎಷ್ಟು ಪ್ರತಿ, ಯಾವ ಮುದ್ರಣದವರೆಗೆ, ಗೌರವಧನ ಎಷ್ಟು, ಯಾವಾಗ ಎಂಬುದು ಅದರಲ್ಲಿರಬೇಕು. ಮುಖಬೆಲೆಯ 10% ಸಾಮಾನ್ಯ ಲೆಕ್ಕ. ಹಣದ ಬದಲು ಪ್ರತಿಗಳನ್ನೇ ಕೊಡುವವರೂ ಇದ್ದಾರೆ. ಈ-ಪುಸ್ತಕ, ಆಡಿಯೊ, ಅನುವಾದ, ಸಿನಿಮಾ ಹಕ್ಕುಗಳನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರವು’ ಎಂಬ ಸಾಲಿದ್ದರೆ ಸಹಿ ಬೇಡ. ಇನ್ನೂರು ಮುನ್ನೂರು ಪ್ರತಿ ನೀವೇ ಕೊಳ್ಳಬೇಕೆಂದರೆ ಮುದ್ರಣದ ಬಹುಪಾಲು ಖರ್ಚು ನಿಮ್ಮ ತಲೆಗೇ ಬಂತೆಂದು ತಿಳಿಯಿರಿ. ಒಂದು ಮುದ್ರಣಾಲಯದಿಂದ ದರ ತರಿಸಿ ಹೋಲಿಸಿ.

ಸ್ವಂತವಾಗಿ ತರುವುದಾದರೆ ಡಿಜಿಟಲ್ ಮುದ್ರಣದಲ್ಲಿ 100 ಪ್ರತಿಯಿಂದ ಶುರುಮಾಡಿ, ಸಾವಿರ ಪ್ರತಿ ಹಾಕಿಸಿ ಅಟ್ಟದಲ್ಲಿಡಬೇಡಿ. ಒಳಪುಟಕ್ಕೆ 70 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಮ್ಯಾಪ್ಲಿಥೋ ಕಾಗದ, ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್ ಕಾರ್ಡ್ ಸಾಕು. ಪುಸ್ತಕದ ಗುರುತುಸಂಖ್ಯೆಯಾದ 13 ಅಂಕಿಗಳ ಐಎಸ್‌ಬಿಎನ್ ಅನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಆನ್‌ಲೈನ್‌ನಲ್ಲಿ ಉಚಿತವಾಗಿ ಕೊಡುತ್ತದೆ. ಅದಕ್ಕೆ ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕುವ ಯೋಚನೆಯಿದ್ದರೆ ತಾಂತ್ರಿಕ ಪುಟದಲ್ಲಿ (ಶೀರ್ಷಿಕೆ ಪುಟದ ಹಿಂಬದಿಯ ವಿವರಗಳ ಪುಟ) ಪುಸ್ತಕದ ಅಳತೆ, ಪುಟಸಂಖ್ಯೆ, ಕಾಗದ, ಬೆಲೆ, ‘ಪ್ರಥಮ ಮುದ್ರಣ’ ಮತ್ತು ವರ್ಷ ಸ್ಪಷ್ಟವಾಗಿರಲಿ. ಇಲಾಖೆ ಅರ್ಜಿ ಕರೆಯುವುದು ಆಯಾ ವರ್ಷ ಪ್ರಕಟವಾದ ಪುಸ್ತಕಗಳಿಗೆ. ಡಿಸೆಂಬರಿನಲ್ಲಿ ಅಚ್ಚಿಗೆ ಕೊಟ್ಟು ಪ್ರತಿಗಳು ಜನವರಿಯಲ್ಲಿ ಕೈಸೇರುವ ಹಾಗಿದ್ದರೆ, ಯಾವ ವರ್ಷ ಹಾಕಬೇಕೆಂಬುದನ್ನು ಅಚ್ಚಿನ ಪ್ಲೇಟ್ ಮಾಡುವ ಮೊದಲೇ ತೀರ್ಮಾನಿಸಿ.