ಮನೆ ಸಾಮಾನು ಹಡಗಲ್ಲಿ ಕಳ್ಸೋವಾಗ ಇನ್ಶೂರೆನ್ಸ್ ಮಾಡ್ಸಿದ್ದು, ಕ್ಲೇಮ್ ತಗೊಂಡಿದ್ದು: ನನ್ನ ಅನುಭವ

ಬೇರೆ ದೇಶಕ್ಕೆ ಮನೆ ಶಿಫ್ಟ್ ಮಾಡ್ತಿರೋರು ನನ್ನ ಹತ್ರ ಮೊದ್ಲು ಕೇಳೋದು ಇನ್ಶೂರೆನ್ಸ್ ಪ್ರೀಮಿಯಂ ಎಷ್ಟಾಗತ್ತೆ ಅಂತ. ಇಡೀ ಮನೆ ಸಾಮಾನು ಕಂಟೇನರ್‌ನಲ್ಲಿ ಕಳ್ಸಿ, ಒಡೆದಿದ್ದಕ್ಕೆ ಕ್ಲೇಮ್ ಹಾಕಿ ದುಡ್ಡೂ ತಗೊಂಡಿರೋದ್ರಿಂದ ನನಗನ್ಸೋದು, ಪ್ರೀಮಿಯಂಗಿಂತ ಹೆಚ್ಚು ತಲೆ ಕೆಡಿಸ್ಕೋಬೇಕಾಗಿರೋದು ಸಾಮಾನಿನ ಪಟ್ಟಿ ಬಗ್ಗೆ. ಪಾಲಿಸಿಯಲ್ಲಿ ಏನೇನೋ ದೊಡ್ಡದಾಗಿ ಬರ್ದಿರ್ಲಿ, ಕೊನೆಗೆ ಇನ್ಶೂರೆನ್ಸ್ ಕಡೆಯಿಂದ ಹಾನಿ ನೋಡೋಕೆ ಬರೋ ಸರ್ವೇಯರ್ ಕೈಲಿ ಹಿಡ್ಕೊಂಡು ನೋಡೋದು ಆ ಪಟ್ಟಿನೇ, ಅದ್ರಲ್ಲಿ ಇಲ್ಲದ್ದು ಅವರ ಲೆಕ್ಕದಲ್ಲಿ ನಮ್ಮ ಮನೇಲೇ ಇರ್ಲಿಲ್ಲ.

ಮೂವರ್ಸ್‌ನವರು ಕೊಟೇಶನ್ ಕೊಡೋವಾಗ "ನಮ್ಮ ಜವಾಬ್ದಾರಿ ಇದ್ದೇ ಇರತ್ತೆ ಮೇಡಂ, ಇನ್ಶೂರೆನ್ಸ್ ಬೇಕಂದ್ರೆ ಮಾತ್ರ ಹಾಕಿಸ್ಕೊಳ್ಳಿ" ಅಂದ್ರು. ಆ ಜವಾಬ್ದಾರಿ ಅಂದ್ರೆ ಎಷ್ಟು ಅಂತ ಕೇಳಿ ಬರಹದಲ್ಲಿ ತರಿಸ್ಕೊಂಡೆ. ಸಾಮಾನಿನ ಬೆಲೆ ಎಷ್ಟೇ ಇರ್ಲಿ ತೂಕದ ಲೆಕ್ಕದಲ್ಲಿ ಒಂದು ಸಣ್ಣ ಮೊತ್ತ, ಅದೂ ಅವರ ನಿರ್ಲಕ್ಷ್ಯದಿಂದ ಹಾಳಾಯ್ತು ಅಂತ ನಾವು ತೋರ್ಸಿದ್ರೆ ಮಾತ್ರ. ಹಡಗಿನವರದ್ದೂ ಹಾಗೇ, ಅವರ ಹೊಣೆಗೊಂದು ಮಿತಿ ಇದೆ. ಹಡಗಿನವರ ಹೊಣೆ ಬಗ್ಗೆ ಇರೋ ಹೇಗ್-ವಿಸ್ಬಿ ಅನ್ನೋ ಅಂತರರಾಷ್ಟ್ರೀಯ ನಿಯಮ ಅನ್ವಯ ಆಗೋ ಕಡೆ ಒಂದು ಪ್ಯಾಕೇಜಿಗೆ 666.67 ಎಸ್‌ಡಿಆರ್ ಅಥವಾ ಕಿಲೋಗೆ 2 ಎಸ್‌ಡಿಆರ್, ಎರಡರಲ್ಲಿ ಯಾವುದು ಜಾಸ್ತಿಯೋ ಅದು. ಎಸ್‌ಡಿಆರ್ ಅಂದ್ರೆ ಐಎಂಎಫ್ ಲೆಕ್ಕ ಇಡೋಕೆ ಬಳಸೋ ಯೂನಿಟ್. ಇದರಲ್ಲಿ ಇನ್ನೊಂದು ವಿಷ್ಯ ಇದೆ, ಕಂಟೇನರ್ ಒಳಗೆ ಎಷ್ಟು ಬಾಕ್ಸ್ ಇದೆ ಅಂತ ಹಡಗಿನವರು ಸರಕಿಗೆ ಕೊಡೋ ರಸೀದಿ, ಅಂದ್ರೆ ಬಿಲ್ ಆಫ್ ಲೇಡಿಂಗ್‌ನಲ್ಲಿ ನಮೂದಾಗಿದ್ರೆ ಒಂದೊಂದು ಬಾಕ್ಸೂ ಒಂದೊಂದು ಪ್ಯಾಕೇಜು, ನಮೂದಾಗದೆ ಇದ್ರೆ ಇಡೀ ಕಂಟೇನರೇ ಒಂದು ಪ್ಯಾಕೇಜು ಅಂತ ಲೆಕ್ಕ. ಅದಕ್ಕೇ ಬರೀ "ಹಳೇ ಮನೆ ಸಾಮಾನು" ಅಂತ ಬರೆಯೋದು ಬೇಡ, ಬಾಕ್ಸ್ ಸಂಖ್ಯೆನೂ ಹಾಕ್ಸಿ ಅಂತ ನಾನು ಕೂತು ಹಾಕಿಸ್ದೆ.

ಇನ್ನು ಪಟ್ಟಿ. ಒಂದೊಂದು ರೂಮಿಗೂ ಹೋಗಿ ಪ್ರತಿ ಡ್ರಾಯರ್, ಪ್ರತಿ ಕಪಾಟು ತೆಗೆದು, ಫೋನಲ್ಲಿ ವಿಡಿಯೋ ಮಾಡ್ತಾ ಬಾಯಲ್ಲೇ ಹೇಳ್ತಾ ಹೋದೆ, ಇದು ಇಂಥ ಕಂಪನಿದು, ಇಂಥ ವರ್ಷ ತಗೊಂಡಿದ್ದು, ಚಾಲೂ ಇದೆ ಅಂತ. ಟಿವಿ, ವಾಷಿಂಗ್ ಮಷೀನ್ ಎಲ್ಲಾ ಆನ್ ಮಾಡಿ ಓಡ್ತಿರೋವಾಗ ಶೂಟ್ ಮಾಡ್ದೆ, ಹಿಂಬದಿ ಇರೋ ಸೀರಿಯಲ್ ನಂಬರಿನ ಸ್ಟಿಕ್ಕರ್ ಫೋಟೋ ಬೇರೆ ತೆಗ್ದೆ. ಆಮೇಲೆ ಎಕ್ಸೆಲ್‌ನಲ್ಲಿ ಕೂರಿಸಿ ಬೆಲೆ ಹಾಕೋಕೆ ಶುರು ಮಾಡಿದಾಗ ಗೊತ್ತಾಯ್ತು, ದೊಡ್ಡ ಸಾಮಾನು ಬರೆಯೋದು ಸುಲಭ, ಮೊತ್ತ ಏರೋದು ಸಣ್ಣದ್ರಿಂದ. ಬಟ್ಟೆ, ಹಾಸಿಗೆ ಬಟ್ಟೆ, ಪಾತ್ರೆ, ಪುಸ್ತಕ, ಮಕ್ಕಳ ಆಟಿಕೆ, ಇವನ್ನೆಲ್ಲಾ ಜನ ಅಂದಾಜಲ್ಲಿ ಒಂದು ಸಣ್ಣ ಅಂಕಿ ಹಾಕಿ ಬಿಡ್ತಾರೆ, ಆದ್ರೆ ಎಲ್ಲಾ ಹೊಸದಾಗಿ ಕೊಳ್ಬೇಕು ಅಂದ್ರೆ ಸೋಫಾಗಿಂತ ಜಾಸ್ತಿ ಆಗತ್ತೆ.

ಬೆಲೆ ಅಂದ್ರೆ ಯಾವ ಬೆಲೆ? ನಾನು ತಗೊಂಡಿದ್ದು ರೀಪ್ಲೇಸ್‌ಮೆಂಟ್ ವ್ಯಾಲ್ಯೂ ಪಾಲಿಸಿ, ಅಂದ್ರೆ ಹೋಗೋ ದೇಶದಲ್ಲಿ ಅದೇ ಥರದ್ದು ಇವತ್ತು ಕೊಳ್ಳೋಕೆ ಎಷ್ಟಾಗತ್ತೋ ಅಷ್ಟು. ನಾವು ಕೊಟ್ಟಿದ್ದ ಹಳೇ ಬಿಲ್ಲಿನ ಬೆಲೆ ಅಲ್ಲ. ಅಲ್ಲಿನ ಆನ್‌ಲೈನ್ ಅಂಗಡಿಗಳಲ್ಲಿ ನೋಡಿ ಒಂದೊಂದಕ್ಕೂ ಬೆಲೆ ಹಾಕ್ದೆ, ಬೇಜಾರು ಹಿಡಿಸೋ ಕೆಲಸ, ಆದ್ರೂ ಮಾಡ್ಲೇಬೇಕು. ಪ್ರೀಮಿಯಂ ಡಿಕ್ಲೇರ್ ಮಾಡಿದ ಮೊತ್ತದ ಮೇಲೆ ಶೇಕಡಾ ಲೆಕ್ಕ ಆಗಿರೋದ್ರಿಂದ ಬೆಲೆ ಕಮ್ಮಿ ತೋರ್ಸೋಣ ಅಂತ ಎಲ್ಲರಿಗೂ ಆಸೆ ಬರತ್ತೆ, ನಮ್ಮನೆಯವ್ರೂ ಅದನ್ನೇ ಹೇಳಿದ್ರು. ಅಲ್ಲೇ ಆವರೇಜ್ ಅನ್ನೋ ಷರತ್ತು ಕೂತಿರತ್ತೆ: ನಿಜವಾದ ಬೆಲೆಯ ಅರ್ಧಕ್ಕೆ ಮಾತ್ರ ಇನ್ಶೂರ್ ಮಾಡ್ಸಿದ್ರೆ, ಒಂದೇ ಒಂದು ಸಾಮಾನು ಒಡೆದ್ರೂ ಅದರ ನಷ್ಟದಲ್ಲಿ ಅರ್ಧಾನೇ ಕೊಡ್ತಾರೆ, ಒಟ್ಟು ಮೊತ್ತದೊಳಗೇ ಇದ್ಯಲ್ಲಾ ಅಂತ ವಾದ ಮಾಡೋ ಹಾಗಿಲ್ಲ. ಇದನ್ನ ಪಾಲಿಸಿಯಿಂದ ಓದಿ ಹೇಳಿದ್ಮೇಲೆ ಅವರೂ ಒಪ್ಪಿದ್ರು.

ಪ್ಯಾಕಿಂಗ್ ದಿನ ಮೂವರ್ಸ್‌ನವರೂ ಅವರದ್ದೊಂದು ಇನ್ವೆಂಟರಿ ಶೀಟ್ ಬರೀತಾರೆ, ಪ್ರತಿ ಬಾಕ್ಸಿಗೂ ನಂಬರ್ ಸ್ಟಿಕ್ಕರ್ ಹಚ್ತಾರೆ. ಆ ಶೀಟ್‌ನಲ್ಲಿ ಸಣ್ಣ ಸಣ್ಣ ಕೋಡ್ ಇರತ್ತೆ, ಎಸ್‌ಸಿ ಅಂದ್ರೆ ಸ್ಕ್ರಾಚ್ ಆಗಿದೆ, ಸಿಎಚ್ ಅಂದ್ರೆ ಅಂಚು ಕಿತ್ತಿದೆ, ಬಿಆರ್ ಅಂದ್ರೆ ಮುರಿದಿದೆ, ಪಕ್ಕದಲ್ಲಿ ಯಾವ ಭಾಗ ಅಂತ ಒಂದು ಅಂಕಿ. ನಮ್ಮ ಊಟದ ಟೇಬಲ್ ಮುಂದೆ ಎಸ್‌ಸಿ, ಸಿಎಚ್ ಎರಡೂ ಬರ್ದಿದ್ರು. ಎಲ್ಲಿ ಕಿತ್ತಿದೆ ತೋರ್ಸಿ ಅಂದೆ, ಟೇಬಲ್ ಸುತ್ತ ಒಂದು ಸುತ್ತು ಬಂದ್ರು, ಕಾಲಿನ ಹತ್ರ ಒಂದು ಹಳೇ ಗೀರು ಬಿಟ್ರೆ ಏನೂ ಇರ್ಲಿಲ್ಲ, ಸಿಎಚ್ ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡಿದ್ರು. ಹಾಗೇ ಬಿಟ್ಟಿದ್ರೆ ದಾರಿಯಲ್ಲಿ ಅಂಚು ಒಡೆದ್ರೂ ಅದು ಮೊದ್ಲೇ ಇದ್ದದ್ದು ಅಂತ ದಾಖಲೆ ಆಗಿರ್ತಿತ್ತು. ಶೀಟಿನ ಪ್ರತಿ ಸಾಲೂ ನಿಂತು ಓದಿ, ಒಪ್ಪದೆ ಇರೋದ್ರ ಪಕ್ಕ ಅಲ್ಲೇ ಬರೆದು ಆಮೇಲೆ ಸಹಿ ಹಾಕಿ, ಪ್ಯಾಕರ್‌ಗಳಿಗೆ ಲೇಟ್ ಆಗ್ತಿದೆ ಅಂದ್ರೂ ಪರವಾಗಿಲ್ಲ.

ಅದೇ ಶೀಟಿನ ಇನ್ನೊಂದು ಕೋಡ್ ಪಿಬಿಒ, ಅಂದ್ರೆ ಓನರೇ ಪ್ಯಾಕ್ ಮಾಡಿದ ಬಾಕ್ಸು. ನಾವೇ ಜೋಪಾನವಾಗಿ ಪ್ಯಾಕ್ ಮಾಡಿದ್ರೆ ಒಳ್ಳೇದಲ್ವಾ ಅನ್ಸತ್ತೆ, ಆದ್ರೆ ಪಿಬಿಒ ಬಾಕ್ಸ್ ಒಳಗೆ ಒಡೆದಿದ್ದಕ್ಕೆ ಹೆಚ್ಚಿನ ಪಾಲಿಸಿಗಳು ಕೊಡಲ್ಲ, ಇಡೀ ಬಾಕ್ಸೇ ಕಳೆದುಹೋದ್ರೆ ಮಾತ್ರ ಕೊಡ್ತಾರೆ. ನಾನು ಬಟ್ಟೆ, ದಿಂಬು ಮಾತ್ರ ಮೊದ್ಲೇ ತುಂಬಿಟ್ಟಿದ್ದೆ, ಗಾಜು ಪಿಂಗಾಣಿ ಎಲ್ಲಾ ಅವರ ಕೈಯಲ್ಲೇ ಮಾಡಿಸ್ದೆ. ಒಡವೆ, ನಗದು, ಸರ್ಟಿಫಿಕೇಟು, ಆಸ್ತಿ ಪತ್ರ ಪಾಲಿಸಿಯಲ್ಲೇ ಹೊರಗಿರತ್ತೆ, ಅದೆಲ್ಲಾ ನಮ್ಮ ಜೊತೆ ವಿಮಾನದಲ್ಲೇ ಬಂತು.

ಪಾಲಿಸಿ ಆರಿಸೋವಾಗ ನಾನು ಮೊದ್ಲು ನೋಡಿದ್ದು ಸರಕಿನ ಇನ್ಶೂರೆನ್ಸಿಗೆ ಬಳಸೋ ಸಿದ್ಧ ಷರತ್ತುಗಳಾದ ಇನ್ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್‌ನಲ್ಲಿ ಯಾವುದು ಅಂತ, ಎ, ಬಿ, ಸಿ ಅಂತ ಮೂರಿದೆ. ಎ ಅಂದ್ರೆ ಆಲ್ ರಿಸ್ಕ್ಸ್, ಹೊರಗಿಟ್ಟಿರೋದನ್ನ ಹೆಸರಿಸಿ ಉಳಿದದ್ದಕ್ಕೆಲ್ಲಾ ಕವರ್ ಕೊಡತ್ತೆ. ಸಿ ಅಂದ್ರೆ ಬೆಂಕಿ, ಹಡಗು ಮುಳುಗೋದು, ಡಿಕ್ಕಿ ಈ ಥರ ಹೆಸರಿಸಿದ ಕೆಲವೇ ಕಾರಣಗಳು, ಕಳ್ಳತನ ಇಲ್ಲ, ಕೆಳಗೆ ಬೀಳಿಸಿ ಒಡೆದಿದ್ದಕ್ಕಿಲ್ಲ, ಬಿರುಗಾಳಿಗೆ ಕಂಟೇನರ್ ಅಲೆಗೆ ಕೊಚ್ಚಿ ಹೋದ್ರೂ ಇಲ್ಲ. ಇದು ಬರೀ ಪುಸ್ತಕದ ಮಾತಲ್ಲ, 2020ರ ನವೆಂಬರ್ ಕೊನೆಯಲ್ಲಿ ಒನ್ ಏಪಸ್ ಅನ್ನೋ ಹಡಗಿಂದ ಪೆಸಿಫಿಕ್‌ನಲ್ಲಿ 1,800ಕ್ಕೂ ಹೆಚ್ಚು ಕಂಟೇನರ್ ಸಮುದ್ರಕ್ಕೆ ಬಿದ್ವು. ಎ ತಗೊಂಡ್ರೂ ಕೆಲವು ಹೊರಗೇ ಇರತ್ತೆ, ಸರಿಯಾಗಿ ಪ್ಯಾಕ್ ಮಾಡದೆ ಇದ್ದದ್ದು, ಲೇಟ್ ಆಗಿದ್ದರಿಂದ ಆದ ನಷ್ಟ, ಸಾಮಾನಿನ ಸ್ವಭಾವದಿಂದಲೇ ಆಗೋ ಹಾನಿ, ಯುದ್ಧ. ನಾನು ದುಡ್ಡು ಕೊಟ್ಟು ಸೇರಿಸ್ಕೊಂಡಿದ್ದು ಮೂರು: ಹೊರಗಡೆ ಪೆಟ್ಟಿಲ್ಲದಿದ್ರೂ ಎಲೆಕ್ಟ್ರಾನಿಕ್ಸ್ ಆನ್ ಆಗದೆ ಹೋದ್ರೆ ಅದಕ್ಕೆ ಕವರ್, ಬೂಷ್ಟು ಹಿಡಿದ್ರೆ ಅದಕ್ಕೆ, ಮತ್ತೆ ಪೇರ್ಸ್ ಅಂಡ್ ಸೆಟ್ಸ್. ಈ ಕೊನೇದು ಇಲ್ದಿದ್ರೆ ಆರು ಕುರ್ಚಿ ಸೆಟ್‌ನಲ್ಲಿ ಒಂದು ಮುರಿದ್ರೆ ಒಂದರ ದುಡ್ಡೇ ಕೊಡ್ತಾರೆ, ಅದೇ ಡಿಸೈನ್ ಮತ್ತೆ ಸಿಗ್ದೆ ಇದ್ರೆ ಅದು ನಮ್ಮ ಪಾಡು.

ಜನರಲ್ ಆವರೇಜ್ (ಮೇಲೆ ಹೇಳಿದ ಆವರೇಜ್ ಷರತ್ತಲ್ಲ, ಇದು ಬೇರೆ) ಬಗ್ಗೆ ತುಂಬಾ ಜನಕ್ಕೆ ಗೊತ್ತಿಲ್ಲ, ಇನ್ಶೂರೆನ್ಸೇ ಬೇಡ ಅನ್ನೋರಿಗೆ ನಾನು ಮೊದ್ಲು ಹೇಳೋದೇ ಇದನ್ನ. ಹಡಗನ್ನ ಅಪಾಯದಿಂದ ಪಾರು ಮಾಡೋಕೆ ಆದ ಖರ್ಚನ್ನ ಹಡಗಿನ ಮಾಲೀಕರೂ ಅದರಲ್ಲಿ ಸಾಮಾನಿಟ್ಟಿರೋ ಎಲ್ಲರೂ ಅವರವರ ಹಡಗಿನ, ಸರಕಿನ ಬೆಲೆಗೆ ತಕ್ಕಂತೆ ಹಂಚ್ಕೋಬೇಕು, ನಮ್ಮ ಸಾಮಾನಿಗೆ ಒಂದು ಗೀರೂ ಬೀಳದೆ ಇದ್ರೂ ಸಹ. 2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಹಾಕ್ಕೊಂಡ ಎವರ್ ಗಿವನ್ ಹಡಗಿಗೆ ಮಾಲೀಕರು ಜನರಲ್ ಆವರೇಜ್ ಘೋಷಿಸಿದ್ರು, ಹಡಗು ಈಜಿಪ್ಟ್ ಬಿಟ್ಟು ಹೊರಟಿದ್ದು ಜುಲೈನಲ್ಲಿ. ಇಂಥ ಸಮಯದಲ್ಲಿ ಇನ್ಶೂರೆನ್ಸ್ ಇದ್ರೆ ಕಂಪನಿಯವರು ಗ್ಯಾರಂಟಿ ಕೊಟ್ಟು ಸಾಮಾನು ಬಿಡಿಸ್ತಾರೆ, ಇಲ್ದಿದ್ರೆ ನಾವೇ ಕೈಯಿಂದ ಡೆಪಾಸಿಟ್ ಕಟ್ಟಬೇಕು. ಎ, ಬಿ, ಸಿ ಮೂರರಲ್ಲೂ ಈ ಕವರ್ ಇದೆ.

ಅಲ್ಲಿ ತಲುಪಿದ್ಮೇಲೆ ಮನೆ ಸಿಕ್ಕಿರಲ್ಲ, ಸಾಮಾನು ಗೋಡೌನ್‌ನಲ್ಲಿ ಇಡೋಣ ಅಂತೀವಿ. ಈ ಮಾಮೂಲಿ ಷರತ್ತುಗಳ ಪ್ರಕಾರ ಕವರ್ ಇರೋದು ಬಂದರಲ್ಲಿ ಇಳಿಸಿದ್ಮೇಲೆ ಗರಿಷ್ಠ 60 ದಿನ, ಅದೂ ಸಾಮಾನು ನೇರ ದಾರಿಯಲ್ಲೇ ಇದ್ರೆ. ನಾವಾಗಿ ಬೇರೆ ಕಡೆ ಸ್ಟೋರ್ ಮಾಡ್ಸಿದ್ರೆ ಅಲ್ಲಿಗೇ ನಿಲ್ಲತ್ತೆ. ಅದಕ್ಕೆ ಸ್ಟೋರೇಜ್ ಎಕ್ಸ್‌ಟೆನ್ಶನ್ ಇಮೇಲ್‌ನಲ್ಲಿ ಬರೆಸ್ಕೊಂಡು, ಆಮೇಲೆ ಗೋಡೌನಿಗೆ ಒಪ್ಪಿಗೆ ಕೊಟ್ಟೆ.

ಡೆಲಿವರಿ ದಿನ ಮೊದ್ಲು ಕಂಟೇನರ್ ಸೀಲ್ ನಂಬರ್ ಪೇಪರ್ ಜೊತೆ ತಾಳೆ ನೋಡಿ ಫೋಟೋ ತೆಗ್ದೆ. ಬಾಕ್ಸ್ ಇಳಿಸಿ ಮುಗೀತಿದ್ದ ಹಾಗೇ "ಎಲ್ಲಾ ಸರಿಯಾಗಿ ತಲುಪಿದೆ" ಅಂತ ಪ್ರಿಂಟ್ ಆಗಿರೋ ಶೀಟಿಗೆ ಸಹಿ ಕೇಳಿದ್ರು. ನೂರಾರು ಬಾಕ್ಸ್ ತೆಗೆದು ನೋಡದೆ ಹಾಗೆ ಸಹಿ ಹಾಕೋಕಾಗಲ್ಲ, ಒಳಗೆ ಇನ್ನೂ ತಪಾಸಣೆ ಆಗಿಲ್ಲ ಅಂತ ಬರೆದು, ಜಜ್ಜಿಹೋಗಿದ್ದ ಬಾಕ್ಸ್ ನಂಬರ್‌ಗಳನ್ನೂ ಬರೆದು ಸಹಿ ಹಾಕ್ದೆ. ಊಟದ ಟೇಬಲ್ ಬಿಚ್ಚಿದಾಗ ಒಂದು ಅಂಚು ಸೀಳಿತ್ತು, ಒಂದು ಕುರ್ಚಿ ಕಾಲು ಮುರಿದಿತ್ತು. ಹೊರಗೆ ಕಾಣದ ಹಾನಿಗೆ ಹಡಗಿನವರಿಗೆ 3 ದಿನದೊಳಗೆ ಬರಹದಲ್ಲಿ ತಿಳಿಸ್ಬೇಕು, ಇನ್ಶೂರೆನ್ಸ್‌ನವರ ಗಡುವು ಪಾಲಿಸಿಯಲ್ಲಿ ಬೇರೆ ಇರತ್ತೆ, ನಾನು ಅವತ್ತೇ ರಾತ್ರಿ ಇಬ್ಬರಿಗೂ, ಮೂವರ್ಸ್‌ನವರಿಗೂ ಫೋಟೋ ಸಮೇತ ಮೇಲ್ ಹಾಕ್ದೆ. ಸರ್ವೇಯರ್ ಬಂದು ಸೀಳಿದ ಅಂಚು ಮುಟ್ಟಿ ನೋಡಿ, ಇನ್ವೆಂಟರಿ ಶೀಟ್ ತಗೊಂಡು ಆ ಹೊಡೆದು ಹಾಕಿದ ಸಿಎಚ್ ಪಕ್ಕದ ಸಹಿ ನೋಡಿದ್ರು, ಪ್ಯಾಕಿಂಗ್‌ಗೆ ಮುಂಚಿನ ವಿಡಿಯೋ ಕೇಳಿದ್ರು. ಟೇಬಲ್‌ಗೆ ರಿಪೇರಿ ಕೊಟೇಶನ್, ಕುರ್ಚಿಗೆ ಸೆಟ್ ಲೆಕ್ಕ ಅಂತ ಆಯ್ತು, ಪಾಲಿಸಿಯ ಎಕ್ಸೆಸ್, ಅಂದ್ರೆ ಪ್ರತಿ ಕ್ಲೇಮಲ್ಲೂ ನಾವೇ ಹೊರಬೇಕಾದ ಮೊತ್ತ ಕಳೆದು ಉಳಿದದ್ದು ಅಕೌಂಟಿಗೆ ಬಂತು. ಅಲ್ಲಿವರೆಗೂ ಮುರಿದ ಕುರ್ಚಿ, ಅದಕ್ಕೆ ಸುತ್ತಿದ್ದ ಪೇಪರ್, ಜಜ್ಜಿದ ರಟ್ಟಿನ ಬಾಕ್ಸ್ ಯಾವುದನ್ನೂ ಎಸೆದಿರ್ಲಿಲ್ಲ, ನೀವೂ ಎಸೀಬೇಡಿ, ಪ್ಯಾಕಿಂಗ್ ಸರಿಯಿತ್ತಾ ಅಂತ ಸರ್ವೇಯರ್ ಅದನ್ನೂ ನೋಡ್ತಾರೆ.