ಸಭಾಪಿತೃಗಳನ್ನೂ ಲೂಥರ್, ಕ್ಯಾಲ್ವಿನ್‌ರನ್ನೂ ಜೊತೆಗಿಟ್ಟು ಓದಿದ ನನ್ನ ಅನುಭವ

ನಮ್ಮದು ಬಾಸೆಲ್ ಮಿಶನ್ ಕಾಲದ ಸಭೆ. ಬೈಬಲ್ ಅಧ್ಯಯನ ನಡೆಸುವಾಗ ಒಂದು ವಾದ ಆಗಾಗ ಏಳುತ್ತದೆ. ಅಪೊಸ್ತಲರಿಗೆ ಹತ್ತಿರದವರಾದ ಸಭಾಪಿತೃಗಳ (ಮೊದಲ ಶತಮಾನಗಳ ಕ್ರೈಸ್ತ ಗುರುಗಳ) ಮಾತು ದೊಡ್ಡದೋ, 16ನೇ ಶತಮಾನದಲ್ಲಿ ರೋಮಿನ ಸಭೆಯಿಂದ ಬೇರೆಯಾದ ಲೂಥರ್, ಕ್ಯಾಲ್ವಿನ್‌ರಂಥ ಸುಧಾರಕರದ್ದೋ? ಸುಮ್ನೆ ಹೀಗೆ ಕೇಳಿದರೆ ಜಗಳ ಮುಗಿಯುವುದಿಲ್ಲ. ಹಾಗಾಗಿ ಕರ್ತನ ಭೋಜನ (ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆ) ಅನ್ನುವ ಒಂದೇ ವಿಷಯ ಹಿಡಿದು ಎರಡೂ ಕಡೆಯವರನ್ನು ಓದಿದೆ.

ಹಳಬರಿಂದ ಶುರು ಮಾಡಿದೆ. 2ನೇ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ಸ್ಮುರ್ನದ ಸಭೆಗೆ ಪತ್ರ ಬರೆದರು. ಈ ಭೋಜನ ಕ್ರಿಸ್ತನ ಶರೀರವೆಂದು ಒಪ್ಪದೆ ದೂರ ಉಳಿದವರನ್ನು ಅದರಲ್ಲಿ ಬೈಯುತ್ತಾರೆ. ಸುಮಾರು 155ರಲ್ಲಿ ಬರೆದ ಇನ್ನೊಬ್ಬ ಸಭಾಪಿತೃ ಜಸ್ಟಿನ್ ಇನ್ನೂ ಬಿಡಿಸಿ ಹೇಳುತ್ತಾರೆ. ಭಾನುವಾರ ಎಲ್ಲರೂ ಸೇರುತ್ತಾರೆ, ರೊಟ್ಟಿ, ದ್ರಾಕ್ಷಾರಸ ಹಂಚುತ್ತಾರೆ, ಬಾರದವರಿಗೆ ಸಭಾಸೇವಕರು ಒಯ್ದು ಕೊಡುತ್ತಾರೆ.

ಆಮೇಲೆ ಸುಧಾರಕರ ಕಡೆ, ಜರ್ಮನಿಯಲ್ಲಿ ನಡೆದ 1529ರ ಮಾರ್‌ಬರ್ಗ್ ಮಾತುಕತೆ. ಲೂಥರ್, ಜ್ಯೂರಿಕ್‌ನ ಸುಧಾರಕ ಜ್ವಿಂಗ್ಲಿ 14 ಅಂಶ ಒಪ್ಪಿದರು. ಕ್ರಿಸ್ತನ ಶರೀರ ರೊಟ್ಟಿಯಲ್ಲಿ ನಿಜವಾಗಿ ಇದೆಯೇ ಅನ್ನುವಲ್ಲಿ ಮುರಿದುಬಿತ್ತು. ಜ್ವಿಂಗ್ಲಿ ಕಡೆ ಬಾಸೆಲಿನ ಇಕೊಲಂಪಾಡಿಯಸ್ ಇದ್ದರು (ಹೌದು, 1834ರಲ್ಲಿ ಮಂಗಳೂರಿಗೆ ಮಿಶನರಿಗಳನ್ನು ಕಳಿಸಿದ ಅದೇ ಊರು). ಇಕೊಲಂಪಾಡಿಯಸ್ ಸಭಾಪಿತೃ ಅಗಸ್ಟೀನರ ಮಾತು ಎತ್ತಿ ವಾದಿಸಿದರು. ಸುಧಾರಕರು ಸಭಾಪಿತೃಗಳನ್ನು ಕಸದಬುಟ್ಟಿಗೆ ಹಾಕಿದರು ಅನ್ನುವವರು ಇದನ್ನೊಮ್ಮೆ ಓದಬೇಕು.

ನನಗೆ ಜಾಸ್ತಿ ನೆರವಾದದ್ದು ಬೇರೆಯೇ ಪ್ರಶ್ನೆ: ಸುಧಾರಕರ ಕೈಯಲ್ಲಿ ಯಾವ ಪುಸ್ತಕಗಳಿದ್ದವು? ಇಗ್ನೇಷಿಯಸ್ ಹೆಸರಿನ ಪತ್ರಗಳನ್ನು ಕ್ಯಾಲ್ವಿನ್ ಕಟುವಾಗಿ ತಳ್ಳಿಹಾಕಿದ್ದರು. ಅದರಲ್ಲಿ ನ್ಯಾಯವಿತ್ತು, ಆಗ ಸಿಗುತ್ತಿದ್ದ ಪ್ರತಿಗಳಲ್ಲಿ ನಂತರದವರು ಸೇರಿಸಿದ್ದು ತುಂಬಿತ್ತು. ಆ ಕಲಬೆರಕೆ ಬೇರೆಯಾದದ್ದು 1640ರ ದಶಕದಲ್ಲಿ, ಅಷ್ಟರಲ್ಲಿ ಕ್ಯಾಲ್ವಿನ್ ತೀರಿಕೊಂಡು 80 ವರ್ಷ. ಇನ್ನೊಬ್ಬ ಹಳೆಯ ಸಭಾಪಿತೃ ರೋಮಿನ ಕ್ಲೆಮೆಂಟರ ಪತ್ರ ಅಚ್ಚಾದದ್ದು 1633ರಲ್ಲಿ. ಆರಂಭದ ಸಭೆಗಳ ಕೈಪಿಡಿಯಾದ ಡಿಡಾಖೆ ಸಿಕ್ಕಿದ್ದು 1873ರಲ್ಲಿ! ಈ ವಿಷಯದಲ್ಲಿ ನಾವೇ ಲೂಥರ್‌ಗಿಂತ ಅನುಕೂಲಸ್ಥರು.

ಹಾಗಂತ ಹಳೆಯದೆಲ್ಲ ಸರಿ ಅಂತಲ್ಲ. ಯೇಸು 50 ವರ್ಷ ವಯಸ್ಸಿನ ಹತ್ತಿರದವರೆಗೆ ಬದುಕಿದ್ದರು ಎಂದು 2ನೇ ಶತಮಾನದ ಸಭಾಪಿತೃ ಐರೇನಿಯಸ್ ಬರೆದಿದ್ದಾರೆ, ಅದೂ ಯೇಸುವಿನ ಶಿಷ್ಯ ಯೋಹಾನನನ್ನು ಬಲ್ಲ ಹಿರಿಯರು ಹೇಳಿದ್ದೆಂದು. ಇವತ್ತು ಕಥೋಲಿಕರೂ ಇದನ್ನು ನಂಬುವುದಿಲ್ಲ, ನಾವೂ ನಂಬುವುದಿಲ್ಲ. ಅಗಸ್ಟೀನರೇ ತಮ್ಮ ಕಾಲದ ಬೈಬಲ್ ಪಂಡಿತ ಜೆರೋಮರಿಗೆ ಬರೆದ ಪತ್ರದಲ್ಲಿ, ಸತ್ಯವೇದದ ಲೇಖಕರನ್ನು ಬಿಟ್ಟು ಬೇರೆಯವರು ಎಷ್ಟೇ ಪವಿತ್ರರಾದರೂ, ಅವರು ಹೇಳಿದರು ಅಂದ ಮಾತ್ರಕ್ಕೆ ನಂಬುವುದಿಲ್ಲ ಅನ್ನುತ್ತಾರೆ.

ಈಗ ನಾನು ಓದುವುದು ಹೀಗೆ. 'ನಾವು ಹೀಗೆ ಮಾಡುತ್ತೇವೆ' ಎಂದು ಜಸ್ಟಿನ್ ಹೇಳಿದರೆ ಅದು ಸಾಕ್ಷಿ, ಅದಕ್ಕೆ ಬೆಲೆ ಹೆಚ್ಚು. 'ಇದರ ಅರ್ಥ ಇದು' ಅಂದಾಗ ಅವರನ್ನೂ ಲೂಥರನ್ನೂ ಒಂದೇ ಸಾಲಲ್ಲಿ ನಿಲ್ಲಿಸಿ, ಅದಕ್ಕೆ ಬೈಬಲ್ ವಚನ ಯಾವುದು ಎಂದು ಕೇಳುತ್ತೇನೆ. ಇಗ್ನೇಷಿಯಸ್‌ರನ್ನು ಜ್ವಿಂಗ್ಲಿ ವಿರುದ್ಧ ಎತ್ತುವ ಮುಂಚೆಯೂ ಸ್ವಲ್ಪ ತಡೆಯಬೇಕು. ಅವರು ಬೈದದ್ದು ಕ್ರಿಸ್ತನಿಗೆ ನಿಜವಾದ ಶರೀರವೇ ಇರಲಿಲ್ಲ ಅನ್ನುತ್ತಿದ್ದವರನ್ನು. ಜ್ವಿಂಗ್ಲಿ ಹಾಗೆ ಹೇಳಲಿಲ್ಲ ಅಲ್ವಾ? ಆದರೂ ಬರೀ ನೆನಪಿಗಾಗಿ ಮಾಡುವ ಊಟ ಅನ್ನುವ ಜ್ವಿಂಗ್ಲಿ ಕಡೆಯ ವಾದ ಆ ಪತ್ರದ ಮುಂದೆ ನನಗೆ ಸಪ್ಪೆ ಅನಿಸುತ್ತದೆ.

ಒಂದು ಕಡೆ ಮಾತ್ರ ಗೊಂದಲವೇ ಇಲ್ಲ. ಜಸ್ಟಿನ್ ಕಾಲದಲ್ಲಿ ಭೋಜನ ಪ್ರತಿ ಭಾನುವಾರ. ಜಿನೀವಾದಲ್ಲಿ ಕ್ಯಾಲ್ವಿನ್‌ಗೂ ಅದೇ ಬೇಕಿತ್ತು, ನಗರಸಭೆ ಒಪ್ಪದೆ ವರ್ಷಕ್ಕೆ 4 ಸಲಕ್ಕೆ ನಿಂತಿತು. ಈ ಇಬ್ಬರನ್ನೂ ಮುಂದಿಟ್ಟು ನಮ್ಮ ಸಭಾಪಾಲಕರಿಗೆ ಮನವಿ ಕೊಟ್ಟಿದ್ದೇನೆ. ಕಮಿಟಿ ಇನ್ನೂ ಅದನ್ನು ಕೈಗೆತ್ತಿಕೊಂಡಿಲ್ಲ.