ಸ್ಟೆರಾಯ್ಡ್ ಮಾತ್ರೆಯಿಂದ ಇಳಿಯುವುದು ಹೇಗೆ? ಕೊನೆಯ ಹತ್ತು ಮಿಲಿಗ್ರಾಂಗೆ ಅವಸರ ಬೇಡ

ಮಂಡ್ಯದ ನೂರಡಿ ರಸ್ತೆಯಲ್ಲಿ ಔಷಧಿ ಅಂಗಡಿ ನಡೆಸುತ್ತೇನೆ. ವರ್ಷಗಳ ಹಿಂದಿನ ಚೀಟಿ ಹಿಡಿದು ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಮಾತ್ರೆ ಕೇಳುವವರು ವಾರಕ್ಕೊಬ್ಬರಾದರೂ ಬರುತ್ತಾರೆ. ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಎಂಬ ಕರುಳಿನ ಉರಿಯೂತ ಇರುವವರು. ಮಾತ್ರೆ ನುಂಗಿದರೆ ರಕ್ತಭೇದಿ ನಿಲ್ಲುತ್ತದೆ, ಬಿಟ್ಟರೆ ಮರಳುತ್ತದೆ. ಅಂಥ ಚೀಟಿಗೆ ನಾನು ಮಾತ್ರೆ ಕೊಡುವುದಿಲ್ಲ. ಕೆಲವರು ಮುಖ ಊದಿಕೊಂಡು, ಸಕ್ಕರೆ ಏರಿದ ಮೇಲೆ ಗಾಬರಿಯಾಗಿ ಒಂದೇ ದಿನಕ್ಕೆ ಮಾತ್ರೆ ನಿಲ್ಲಿಸಿ ಯಾವುದೋ ಚೂರ್ಣ ಹಿಡಿಯುತ್ತಾರೆ. ಮದ್ದೂರು ಕಡೆಯ ರೈತರೊಬ್ಬರು ಹಾಗೆ ಬಿಟ್ಟ ನಾಲ್ಕನೇ ದಿನ ಗದ್ದೆಯ ಬದುವಿನ ಮೇಲೆ ಕುಸಿದುಬಿದ್ದರು. ಈ ಬರಹ ಅವರಂಥವರಿಗಾಗಿ.

1. ಸ್ಟೆರಾಯ್ಡ್ ಅವಲಂಬನೆ, ಅಂದರೆ ಅದಿಲ್ಲದೆ ರೋಗ ಹತೋಟಿಯಲ್ಲಿ ನಿಲ್ಲದ ಸ್ಥಿತಿ, ಇದೆಯೇ ನೋಡಿಕೊಳ್ಳಿ. ಶುರು ಮಾಡಿದ ಮೂರು ತಿಂಗಳೊಳಗೆ ದಿನಕ್ಕೆ 10 ಮಿಲಿಗ್ರಾಂಗಿಂತ ಕೆಳಗೆ ಇಳಿಯಲಾಗದಿದ್ದರೆ, ಅಥವಾ ನಿಲ್ಲಿಸಿದ ಮೂರು ತಿಂಗಳೊಳಗೆ ರೋಗ ಮರುಕಳಿಸಿದರೆ, ಇದೆ.

2. ಹಳೆಯ ಕಂಬ ಕೀಳುವ ಮೊದಲು ಹೊಸ ಕಂಬ ನೆಡಿ. ಸ್ಟೆರಾಯ್ಡ್ ಬಿಡಿಸುವ ಔಷಧಿಗಳಲ್ಲಿ ಅಜಥಯೋಪ್ರಿನ್ ಕೆಲಸ ಶುರು ಮಾಡಲು ಎರಡು ಮೂರು ತಿಂಗಳು ಬೇಕು. ಅದನ್ನು ನುಂಗುವಷ್ಟು ಕಾಲವೂ ರಕ್ತಕಣಗಳ ಪರೀಕ್ಷೆ ತಪ್ಪಿಸಬೇಡಿ. ಇನ್ಫ್ಲಿಕ್ಸಿಮ್ಯಾಬ್, ಅಡಲಿಮುಮ್ಯಾಬ್‌ನಂಥ ಚುಚ್ಚುಮದ್ದುಗಳಿಗೆ ಮುನ್ನ ಕ್ಷಯದ ಪರೀಕ್ಷೆ ಕಡ್ಡಾಯ. ಮಲಗಿರುವ ಕ್ಷಯ ಇವುಗಳಿಂದ ಎಚ್ಚರಗೊಳ್ಳಬಲ್ಲದು. ಕೊಲೈಟಿಸ್ ಗುದದ ಹತ್ತಿರದಲ್ಲೇ ಇದ್ದರೆ ಉರಿಯೂತ ತಗ್ಗಿಸುವ ಮೆಸಲಮೈನ್ ಔಷಧಿಯ ಎನಿಮಾ (ಗುದದ್ವಾರದಿಂದ ಒಳಗೆ ಬಿಡುವ ದ್ರವ) ಬಾಯಿಯ ಮಾತ್ರೆಗಿಂತ ಚೆನ್ನಾಗಿ ತಲುಪುತ್ತದೆ. ನಾಚಿಕೊಂಡು ಅದನ್ನು ಬಿಡುವವರನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ.

3. ಇಳಿಕೆ. ಎಡವುವುದು ಇಲ್ಲೇ.

ಸದಾ ನಾಲೆ ನೀರು ಹರಿಯುವ ಜಮೀನಿನಲ್ಲಿ ಬಾವಿಯನ್ನು ಯಾರೂ ನೋಡುವುದಿಲ್ಲ, ಒರತೆಗೆ ಹೂಳು ತುಂಬುತ್ತದೆ. ನಾಲೆ ನಿಂತ ದಿನವೇ ಆ ಬಾವಿ ನೀರು ಕೊಡುವುದಿಲ್ಲ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯ ಕಥೆಯೂ ಹೀಗೆಯೇ. ಮೂರು ವಾರಕ್ಕೂ ಹೆಚ್ಚು ಹೊರಗಿನ ಸ್ಟೆರಾಯ್ಡ್ ಬಂದರೆ ಅದು ಕಾರ್ಟಿಸಾಲ್ ಎಂಬ ದೇಹದ ಸ್ವಂತ ಸ್ಟೆರಾಯ್ಡ್‌ನ ತಯಾರಿಕೆಯನ್ನು ಕಡಿಮೆ ಮಾಡುತ್ತದೆ. ಮತ್ತೆ ಚೇತರಿಸಲು ಕೆಲವರಿಗೆ ತಿಂಗಳುಗಳೇ ಬೇಕು.

ಸಾಮಾನ್ಯವಾಗಿ 40 ಮಿಲಿಗ್ರಾಂನಿಂದ 20ರವರೆಗೆ ವಾರಕ್ಕೆ 5ರಂತೆ ಇಳಿಸುತ್ತಾರೆ. ಅದು ಸಲೀಸು. 10ರ ಕೆಳಗೆ ಮಾತ್ರ ನೆಲ ಜಾರುತ್ತದೆ, ಏಕೆಂದರೆ ದೇಹ ತಾನೇ ತಯಾರಿಸುವ ಪ್ರಮಾಣ ಸುಮಾರು 5 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮ. ವರ್ಷಗಟ್ಟಲೆ ನುಂಗಿದವರು ಇಲ್ಲಿ ಪ್ರತಿ ಮೆಟ್ಟಿಲಿನಲ್ಲೂ ಎರಡು ಮೂರು ವಾರ ನಿಲ್ಲುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಲೆಕ್ಕದ ಪಟ್ಟಿಯನ್ನು ವೈದ್ಯರಿಂದಲೇ ಬರೆಸಿ, ಕ್ಯಾಲೆಂಡರಿನ ಪಕ್ಕ ಅಂಟಿಸಿ. ಮಾತ್ರೆಯನ್ನು ಬೆಳಿಗ್ಗೆ ತಿಂಡಿಯ ನಂತರ ಒಂದೇ ಸಲ ತೆಗೆದುಕೊಳ್ಳಿ. ‘ಇವತ್ತು ಚೆನ್ನಾಗಿದ್ದೇನೆ’ ಎಂದು ಒಂದು ದಿನ ಬಿಟ್ಟು ಒಂದು ದಿನ ನುಂಗುವ ಅಡ್ಡದಾರಿ ಹಿಡಿಯಬೇಡಿ.

ಇಳಿಯುವಾಗ ಸುಸ್ತು, ಕೀಲುನೋವು, ಎದ್ದಾಗ ತಲೆಸುತ್ತು ಬಂದರೆ ‘ರೋಗ ತಿರುಗಿ ಬಂತು’ ಎಂದು ಮತ್ತೆ 40ಕ್ಕೆ ಏರುವವರೇ ಹೆಚ್ಚು. ಮಲದಲ್ಲಿ ರಕ್ತ, ರಾತ್ರಿ ಎಬ್ಬಿಸುವ ಭೇದಿ ಕರುಳಿನ ಮಾತು. ಬರೀ ನಿತ್ರಾಣ ಹೆಚ್ಚಾಗಿ ಗ್ರಂಥಿಯ ಮಾತು. ಮಲದ ಕ್ಯಾಲ್ಪ್ರೊಟೆಕ್ಟಿನ್ ಪರೀಕ್ಷೆ ಕರುಳಿನ ಉರಿಯನ್ನು ತೋರಿಸುತ್ತದೆ. ಆ ದಿನದ ಮಾತ್ರೆಗೆ ಮುನ್ನ, ಬೆಳಿಗ್ಗೆ ಎಂಟರ ಹೊತ್ತಿಗೆ ಮಾಡಿಸುವ ಕಾರ್ಟಿಸಾಲ್ ಪರೀಕ್ಷೆ ಗ್ರಂಥಿಯ ಸ್ಥಿತಿ ಹೇಳುತ್ತದೆ. ವಾಂತಿಯಾಗಿ ರಕ್ತದೊತ್ತಡ ಕುಸಿದರೆ ಪರೀಕ್ಷೆಗೆ ಕಾಯಬೇಡಿ, ನೇರ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ.

4. ಅಡುಗೆಮನೆಯ ಮದ್ದು ಜೊತೆಗಿರಲಿ, ಬದಲಿಗಲ್ಲ. ಅರಿಶಿನದ ಕರ್ಕ್ಯುಮಿನ್ ಕುರಿತು 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮೆಸಲಮೈನ್ ಜೊತೆ ದಿನಕ್ಕೆ 3 ಗ್ರಾಂ ಕೊಟ್ಟಾಗ ಸೌಮ್ಯ ಮತ್ತು ಮಧ್ಯಮ ಕೊಲೈಟಿಸ್‌ನವರಿಗೆ ಅನುಕೂಲವಾಯಿತು. ದಿಲ್ಲಿಯ ಏಮ್ಸ್‌ನಲ್ಲಿ 450 ಮಿಲಿಗ್ರಾಂ ಕೊಟ್ಟು ನೋಡಿದಾಗ ಪ್ರಯೋಜನ ಕಾಣಲಿಲ್ಲ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ನೂರಕ್ಕೆ ಮೂರು ಪಾಲು. 3 ಗ್ರಾಂಗೆ ದಿನಕ್ಕೆ ನೂರು ಗ್ರಾಂ ಪುಡಿ ತಿನ್ನಬೇಕು! ಹಾಲಿಗೆ ಚಿಟಿಕೆ ಹಾಕಿ ಸ್ಟೆರಾಯ್ಡ್ ಬಿಡಬಹುದೆಂದು ನಂಬಬೇಡಿ. ರೋಗ ಶಾಂತವಾಗಿರುವಾಗ ಇಸಬ್ಗೋಲ್ ಒಳ್ಳೆಯದು. ಕ್ರೋನ್ಸ್‌ನಿಂದ ಕರುಳು ಕಿರಿದಾಗಿದ್ದರೆ ಅದು ಬೇಡ, ನಾರು ತುಂಬಿದ ಬಸ್ಸಾರಿನ ಸೊಪ್ಪೂ ಬೇಡ.

ಹೆಸರು, ಪರವಾನಗಿ ಸಂಖ್ಯೆ ಇಲ್ಲದ ಪುಡಿಗಳನ್ನು ಮನೆಯೊಳಗೆ ಸೇರಿಸಲೇಬೇಡಿ. ಎರಡೇ ದಿನದಲ್ಲಿ ಗುಣ ಕಂಡರೆ ಅದರಲ್ಲೇ ಸ್ಟೆರಾಯ್ಡ್ ಬೆರೆಸಿರಬಹುದು. ಕೆಲವು ಭಸ್ಮಗಳಲ್ಲಿ ಸೀಸ, ಪಾದರಸ ಸಿಕ್ಕಿರುವುದೂ ದಾಖಲಾಗಿದೆ. ಮಂಡಿನೋವಿಗೆ ಡೈಕ್ಲೋಫೆನಾಕ್ ನುಂಗುವುದನ್ನೂ ಬಿಡಿ, ಅದು ಕರುಳನ್ನು ಕೆರಳಿಸಬಹುದು.

5. ಸ್ಟೆರಾಯ್ಡ್ ಮೂಳೆ ಸವೆಸುವುದರಿಂದ ಕ್ಯಾಲ್ಸಿಯಂ, ವಿಟಮಿನ್ ಡಿ ಎಷ್ಟು ಬೇಕೆಂದು ವೈದ್ಯರನ್ನು ಕೇಳಿ ತೆಗೆದುಕೊಳ್ಳಿ.

6. ‘ನಾನು ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದೇನೆ’ ಎಂಬ ಚೀಟಿ, ಪ್ರಮಾಣದ ಸಮೇತ, ಸದಾ ಜೇಬಿನಲ್ಲಿರಲಿ. ನಿಲ್ಲಿಸಿದ ಮೇಲೂ ಒಂದು ವರ್ಷ ಇರಲಿ. ಜೋರು ಜ್ವರ, ಶಸ್ತ್ರಚಿಕಿತ್ಸೆ, ಅಪಘಾತದ ಹೊತ್ತಿನಲ್ಲಿ ವೈದ್ಯರು ಸ್ಟೆರಾಯ್ಡ್ ಹೆಚ್ಚಿಸಿ ಕೊಡಬೇಕಾಗಬಹುದು. ಮದ್ದೂರಿನ ಆ ರೈತರ ಚೀಟಿಯನ್ನು ನಾನೇ ಪ್ಲಾಸ್ಟಿಕ್ ಹೊದಿಸಿ ಕೊಟ್ಟಿದ್ದೇನೆ. ಅವರು ಈಗ ಎರಡೂವರೆ ಮಿಲಿಗ್ರಾಂನಲ್ಲಿದ್ದಾರೆ.